ಕಲ್ಲುಮುಖ ಕೆಂಪಾದದ್ದು

ಹಳೆಯ ಪೀಠೋಪಕರಣದ ವ್ಯಾಪಾರದಲ್ಲಿ ಬಂಡವಾಳವೆಂದರೆ ಮರವಲ್ಲ, ಮುಖ. ಬೀದಿಯ ತುದಿಯಲ್ಲಿ ಬೀರು, ಮಂಚ, ಮೇಜುಗಳ ಸಂದಿಯಲ್ಲಿ ಕೂರುತ್ತಿದ್ದ ಕಲ್ಲುಮುಖದಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಂಗಡಿಸಾಲಿನವರು ಆ ಹೆಸರನ್ನು ಮೆಚ್ಚಿ ಇಟ್ಟಿದ್ದರೋ ಹೊಟ್ಟೆಕಿಚ್ಚಿಗೆ ಇಟ್ಟಿದ್ದರೋ ಹೇಳುವುದು ಕಷ್ಟ. ಗೆದ್ದಲು ತಿಂದ ಕಾಲಿಗೆ ಬಣ್ಣ ಬಳಿದು "ಗಟ್ಟಿ ಮಾಲು" ಎನ್ನುವಾಗಲೂ ಅವನ ಮುಖದ ಒಂದು ಗೆರೆ ಅಲುಗುತ್ತಿರಲಿಲ್ಲ.

ಅಂಥ ಮುಖ ಈಗ ಕೈಕೊಟ್ಟಿತ್ತು.

ಶುರುವಾದದ್ದು ಕ್ಷೌರದ ನಂತರದ ಒಂದು ಸಣ್ಣ ತುರಿಕೆಯಿಂದ. ಔಷಧದಂಗಡಿಯವನು ಕೊಟ್ಟ ಟ್ಯೂಬು ಹಚ್ಚಿದ. ಬೆಳಗಾಗುವಷ್ಟರಲ್ಲಿ ತುರಿಕೆ ಮಾಯ. ಅಷ್ಟು ಚೆನ್ನಾಗಿ ಕೆಲಸ ಮಾಡುವ ಮಾಲನ್ನು ಯಾವ ವ್ಯಾಪಾರಿ ಬಿಟ್ಟಾನು? ತುರಿಸಿದರೂ ಹಚ್ಚಿದ, ತುರಿಸದಿದ್ದರೂ ಹಚ್ಚಿದ, ಮದುವೆಮನೆಗೆ ಹೊರಟಾಗ ಪೌಡರಿನ ಬದಲು ಅದನ್ನೇ ಹಚ್ಚಿದ. ಹೀಗೇ ವರ್ಷಗಳು ಕಳೆದವು. ಆಮೇಲೆ ಒಂದು ದಿನ ಹಚ್ಚಲು ಮರೆತರೆ ಸಾಕು, ಸಂಜೆಗೆ ಕೆನ್ನೆ ಕಾದ ಬಾಣಲೆ. ಬಿಸಿಲು ತಾಗಿದರೆ ಉರಿ, ಕಾಫಿಯ ಹಬೆ ತಾಗಿದರೆ ಉರಿ, ಟವೆಲಿನಿಂದ ಒರಸಿದರೆ ಉರಿ.

ಅವನು ಅನುಮಾನಿಸದ ವಸ್ತುವಿಲ್ಲ. ಸೋಪು, ನಲ್ಲಿಯ ನೀರು, ಕ್ಷೌರಿಕನ ಬ್ಲೇಡು, ದಿಂಬಿನ ಕವರು, ಎದುರಂಗಡಿಯವನ ಕಣ್ಣು.

"ನಿಜ ಹೇಳೇ, ಬಟ್ಟೆ ಸೋಪು ಬದಲಾಯಿಸಿದ್ದೀಯಾ?" ಎಂದು ಹೆಂಡತಿಯನ್ನು ಕೇಳಿದ.

"ಬದಲಾಗಿರೋದು ಸೋಪಲ್ಲ ರೀ, ನಿಮ್ಮ ಚರ್ಮ. ಊರನ್ನೆಲ್ಲ ಅನುಮಾನಿಸಿದ್ದಾಯ್ತಲ್ಲ, ಜೇಬಲ್ಲಿರೋ ಆ ಟ್ಯೂಬನ್ನೂ ಒಂದ್ಸಲ ಅನುಮಾನಿಸಿ ನೋಡಿ."

ಕೊನೆಗೆ ಚರ್ಮದ ಡಾಕ್ಟರೂ ಅದನ್ನೇ ಹೇಳಿದರು, ಫೀಸು ತೆಗೆದುಕೊಂಡು. ಟ್ಯೂಬು ಚರ್ಮವನ್ನು ತೆಳುವಾಗಿಸಿದೆ, ಇನ್ನು ಅದು ಬೇಡ. ತಣ್ಣೀರು, ವಾಸನೆಯಿಲ್ಲದ ಸಾದಾ ಮುಲಾಮು, ಬಿಸಿಲಿಗೆ ಟೋಪಿ, ಉಳಿದದ್ದಕ್ಕೆ ತಾಳ್ಮೆ. "ತಿಂಗಳುಗಟ್ಟಲೆ ಹಿಡಿಯುತ್ತೆ. ಮಧ್ಯೆ ಮತ್ತೆ ಶುರು ಮಾಡಿದ್ರೆ ಪುನಃ ಮೊದಲಿಂದ."

ಕಲ್ಲುಮುಖದಣ್ಣನಿಗೆ ಇದೂ ಅನುಮಾನವೇ. ಬಂದ ಗಿರಾಕಿಗೆ ಏನೂ ಕೊಳ್ಳಬೇಡ ಎನ್ನುವವನನ್ನು ಹೇಗೆ ನಂಬುವುದು? "ಇದರಲ್ಲಿ ಅವರಿಗೇನೇ ಗಿಟ್ಟುತ್ತೆ?" ಎಂದು ದಾರಿಯುದ್ದಕ್ಕೂ ಹೆಂಡತಿಯನ್ನು ಕೇಳಿದ. ಹೆಂಡತಿ ಮನೆಯಲ್ಲಿದ್ದ ಟ್ಯೂಬುಗಳನ್ನೆಲ್ಲ ಕಸಕ್ಕೆ ಹಾಕಿದಳು. ಇನ್ನು ಮುಟ್ಟುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡಳು. ಅವನನ್ನು ನಂಬದೆ ಜೇಬು ತಡಕಲೂ ಶುರುಮಾಡಿದಳು. ಆದರೆ ಅವಳು ತಡಕಿದ್ದು ಜೇಬನ್ನು ಮಾತ್ರ. ಅದೇ ಸಂಜೆ ಅವನು ಹೊಸ ಟ್ಯೂಬೊಂದನ್ನು ಕೊಂಡು, ಅಂಗಡಿಯ ಮರದ ಬೀರುವೊಂದರ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ.

ಇತ್ತ ವ್ಯಾಪಾರ ಮಲಗಿತು. ರೇಟು ಹೇಳುತ್ತಿದ್ದಂತೆ ಕೆನ್ನೆ ಕೆಂಪು. "ನೋಡಿ, ಹೇಳೋಕೆ ಅವರಿಗೇ ನಾಚಿಕೆ ಆಗ್ತಿದೆ" ಎಂದು ಗಿರಾಕಿಗಳು ಅರ್ಧಕ್ಕೆ ಕೇಳುತ್ತಿದ್ದರು. ಸುಳ್ಳಿಗೆ ಕೆಂಪಾದರೆ ಒಪ್ಪಬಹುದು; ನಿಜ ಹೇಳಿದರೂ ಕೆಂಪಾಗುತ್ತಿತ್ತು, ಅದು ಅನ್ಯಾಯ.

ಹೀಗಿರುವಾಗ ಲಾಡ್ಜಿನ ಯಜಮಾನಿ ತನ್ನ ಕೋಣೆಗಳಿಗೆಲ್ಲ ಬೀರು ಬೇಕೆಂದು ಹೇಳಿಕಳಿಸಿದಳು. ಈ ಗಿರಾಕಿಯೂ ಕೈತಪ್ಪಿದರೆ ಅಂಗಡಿಗೆ ಬೀಗ ಹಾಕುವುದೇ. ಆ ಬೆಳಗ್ಗೆ ಅವನು ಡ್ರಾಯರ್ ತೆಗೆದು ಟ್ಯೂಬನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಟ್ಯೂಬು ಒಳಗೆ, ಡ್ರಾಯರ್ ಮುಚ್ಚಿತು, ಯಜಮಾನಿ ಬಂದಳು. ಅವಳ ಹಿಂದೆಯೇ ಊಟದ ಡಬ್ಬಿ ಹಿಡಿದು ಹೆಂಡತಿಯೂ.

ಯಜಮಾನಿ ಬೀರುಗಳನ್ನು ತಟ್ಟಿದಳು, ಅಲುಗಿಸಿದಳು, ಒಳಗೆ ತಲೆ ಹಾಕಿ ಮೂಸಿದಳು. ಒಂದೊಂದೇ ಡ್ರಾಯರ್ ಎಳೆಯುತ್ತ ಬಂದು, ಗಕ್ಕನೆ ನಿಂತಳು.

"ಇದೇನಿದು, ತುರಿಕೆ ಮುಲಾಮು?" ಸೀರೆ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. "ತಿಗಣೆ ಇದೆಯಾ ಇದರಲ್ಲಿ?"

"ಅಯ್ಯೋ, ತಿಗಣೆ ಎಲ್ಲಿಂದ ಬರಬೇಕಮ್ಮ!"

"ಮತ್ತೆ ಮುಖ ಯಾಕೆ ಹಾಗೆ ಕೆಂಪಾಯ್ತು?"

ತಿಗಣೆ ಎಂಬ ಮಾತು ಒಮ್ಮೆ ಬೀದಿಗೆ ಬಿದ್ದರೆ ಆ ಅಂಗಡಿಯ ಒಂದು ಮಣೆಯೂ ಮಾರಾಟವಾಗದು. ಟ್ಯೂಬು ತನ್ನದೆಂದರೆ ಬೀರುವಿನ ಮಾನ ಉಳಿಯುತ್ತದೆ. ಆದರೆ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ.

"ಅದು ನಂದು," ಎಂದ, ಡಬ್ಬಿಯ ಕಡೆ ನೋಡುತ್ತ. "ಮುಖಕ್ಕೆ ಹಚ್ಚೋದು. ಆದ್ರೆ ಹಚ್ಚಿಲ್ಲ. ಬೇಕಾದ್ರೆ ಆಣೆ..."

"ನಿಮ್ಮ ಆಣೆ ನೀವೇ ಇಟ್ಕೊಳ್ಳಿ. ಟ್ಯೂಬು ಕೊಡಿ ಇಲ್ಲಿ."

ಹೆಂಡತಿ ಮುಚ್ಚಳ ತಿರುಗಿಸಿ, ಟ್ಯೂಬಿನ ಬಾಯಿಯನ್ನು ಬೆಳಕಿಗೆ ಹಿಡಿದಳು. ಬಾಯಿಗೆ ಅಡ್ಡವಾಗಿದ್ದ ತೆಳು ತಗಡು ಹಾಗೇ ಇತ್ತು. ಮುಚ್ಚಳದ ಮೊನೆ ಅದನ್ನಿನ್ನೂ ಚುಚ್ಚಿರಲಿಲ್ಲ. ಯಜಮಾನಿಯೂ ಕನ್ನಡಕ ಸರಿಮಾಡಿಕೊಂಡು ಇಣುಕಿದಳು. ಅವನ ಬಾಯನ್ನು ನಂಬದ ಇಬ್ಬರೂ ಟ್ಯೂಬಿನ ಬಾಯನ್ನು ನಂಬಿದರು.

"ಯಾವಾಗಿಂದ ಇದೆ ಇದು?" ಎಂದಳು ಹೆಂಡತಿ.

"ಡಾಕ್ಟರ ಹತ್ರ ಹೋಗಿಬಂದ ದಿನದಿಂದ. ದಿನಾ ತೆಗೀತಿದ್ದೆ, ನೋಡ್ತಿದ್ದೆ, ಮುಚ್ತಿದ್ದೆ."

"ಅದಕ್ಕೇ ಮತ್ತೆ!" ಎಂದಳು ಯಜಮಾನಿ. "ಉಳಿದ ಡ್ರಾಯರೆಲ್ಲ ಕಿರುಗುಟ್ಟುತ್ತೆ, ಇದೊಂದು ಬೆಣ್ಣೆ ಹಾಗೆ ಬಂತು."

ಹೆಂಡತಿ ನಗಲಿಲ್ಲ. ಟ್ಯೂಬನ್ನು ತನ್ನ ಚೀಲಕ್ಕೆ ಸೇರಿಸಿದಳು. ಊಟದ ಜೊತೆ ತಂದಿದ್ದ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಅವನ ಕೈಗಿಟ್ಟಳು. "ಒರಸಬೇಡಿ. ಮೆಲ್ಲಗೆ ಒತ್ತಿ. ಬಾಕಿ ಮಾತು ಮನೇಲಿ."

ಆದರೂ ಇರಲಿ ಎಂದು ಯಜಮಾನಿ ಬೀರುವಿನ ಹಿಂಬದಿಯನ್ನೂ ಕಾಲುಗಳ ಸಂದಿಯನ್ನೂ ಇನ್ನೊಮ್ಮೆ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಸರಿ, ತಗೋತೀನಿ. ಆದ್ರೆ ರೇಟು ನೀವು ಹೇಳಿ ಅಕ್ಕ. ನಾನು ಇವರ ಮುಖ ನೋಡ್ತಿರ್ತೀನಿ."

ಹೆಂಡತಿ ಗಂಟಲು ಸರಿಮಾಡಿಕೊಂಡಳು. ಕಲ್ಲುಮುಖದಣ್ಣ ಒದ್ದೆ ಬಟ್ಟೆಯನ್ನು ಅಗಲವಾಗಿ ಬಿಡಿಸಿ, ಹಣೆಯಿಂದ ಗಲ್ಲದವರೆಗೆ ಹೊದ್ದುಕೊಂಡು, ಹಿಂದಕ್ಕೆ ಒರಗಿದ.