ಹಿಂದಿನ ಬೆಟ್ಟದ ದಾರಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಷ್ಟ್ರೀಯ ಉದ್ಯಾನದ ಹಿಂದಿನ ಬೆಟ್ಟದಲ್ಲಿ ಹೆಂಗಸೊಬ್ಬರು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಏರು ಹತ್ತುತ್ತಿದ್ದಾರೆ. ನಾಲ್ಕು ಹೆಜ್ಜೆ ಹತ್ತುತ್ತಾರೆ, ನಿಲ್ಲುತ್ತಾರೆ, ತಿರುಗಿ ಬಂದ ದಾರಿಯನ್ನೇ ದಿಟ್ಟಿಸುತ್ತಾರೆ. ಕೊಂಬೆಯೊಂದು ಅಡ್ಡ ಬಂದಿದೆ ಅನ್ನಿಸಿದರೆ ಕತ್ತಿ ಬೀಸುತ್ತಾರೆ. ನೋಡಿದವರು ಪಾಪ, ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳಬೇಕು.

"ಹೋಗುವಾಗ ಎಲ್ರೂ ಜಾಣರೇ" ಅನ್ನುತ್ತಾರೆ ಅವರು, ಕೈಗೆ ಬಿಡುವು ಕೊಡದೆ. "ದಾರಿ ತಪ್ಪೋದು ವಾಪಸ್ ಬರುವಾಗ. ಕಾಲು ಸೋತಿರುತ್ತೆ, ಹೊಟ್ಟೆ ಹಸಿದಿರುತ್ತೆ, ಬಂದ ಜಾಗಾನೇ ಬೇರೆ ಥರ ಕಾಣುತ್ತೆ. ಅದಕ್ಕೇ ನಾನು ಅವರ ಬೆನ್ನಿನ ಕಡೆಯಿಂದ ದಾರಿ ನೋಡ್ತೀನಿ."

ಎಲ್ಲರೂ ಅವರನ್ನು ಕರೆಯುವುದು ದಾರಿಯಕ್ಕ ಎಂದೇ. ಕಾಲುದಾರಿ ಸವರಿ, ಮೆಟ್ಟಿಲಿಗೆ ಕಲ್ಲು ಕೂರಿಸಿ, ಬಂಡೆಗಳ ಎರಡೂ ಮಗ್ಗುಲಿಗೆ ಹಳದಿ ಗುರುತು ಬಳಿಯುವುದು ಅವರ ಕೆಲಸ. ಇವತ್ತು ಮಾತ್ರ ಬಳಿದ ಗುರುತನ್ನೇ ಎರಡೆರಡು ಸಲ ನೋಡುತ್ತಿದ್ದಾರೆ. ಈ ದಾರಿ ಉಳಿಯಬೇಕೋ, ಶಾಶ್ವತವಾಗಿ ಮುಚ್ಚಬೇಕೋ ಎಂದು ತೀರ್ಮಾನಿಸಲು ಉದ್ಯಾನದ ಕಚೇರಿಯ ದೊಡ್ಡ ಸಾಹೇಬರು ಬರುತ್ತಿದ್ದಾರೆ.

ಪಕ್ಕದಲ್ಲೇ ಇನ್ನೊಂದು ಹೆಸರುವಾಸಿ ಉದ್ಯಾನವಿದೆ. ರಜೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಲಪಾತ ನೋಡಲು ಹೋದವರು ಮುಂದೆ ನಿಂತವರ ತಲೆ ನೋಡಿಕೊಂಡು ಬರುತ್ತಾರೆ. ಇಲ್ಲಿ ರಜಾದಿನವೂ ಹತ್ತು ಹನ್ನೆರಡು ಮಂದಿ ಬಂದರೆ ಹೆಚ್ಚು. ಆದರೆ ಬಂದವರು ಬೆಟ್ಟ ದಾಟಿ, ಆಚೆಗಿನ ಸರೋವರದ ದಡದಲ್ಲಿ ಗುಡಾರ ಹಾಕಿ, ಗಾಳಿಯ ಸದ್ದು ಕೇಳುತ್ತಾ ಮಲಗುತ್ತಾರೆ. ಅಲ್ಲಿಗೆ ಹೋಗಲು ಇರುವುದು ಇದೊಂದೇ ದಾರಿ. ಗೇಟಿನಲ್ಲಿ ಟಿಕೆಟ್ ಹರಿಯುವವರು ದಾರಿಯಕ್ಕನ ಗಂಡ. "ನಮ್ಮ ಮನೇಲಿ ನಡಿಗೆ ಅವಳ ಪಾಲಿಗೆ, ಕುರ್ಚಿ ನನ್ನ ಪಾಲಿಗೆ" ಎಂದು ಅವರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಾರೆ.

ಕಳೆದ ಮಳೆಗಾಲದಲ್ಲಿ ಬೆಟ್ಟದ ಒಂದು ಪಕ್ಕ ಕುಸಿದು, ದಾರಿಯನ್ನೂ ಎಳೆದುಕೊಂಡು ಕೆಳಗೆ ಹೋಯಿತು. ಬರುವವರೇ ಬೆರಳೆಣಿಕೆಯಷ್ಟು, ಅಷ್ಟಕ್ಕೆ ಇಷ್ಟೆಲ್ಲ ಉಸಾಬರಿ ಯಾಕೆ ಎಂದು ಕಚೇರಿ ಮೂಗು ಮುರಿಯಿತು. ದಾರಿಯಕ್ಕನನ್ನು ಮುಂಬಾಗಿಲಿನ ವಾಹನ ನಿಲ್ದಾಣ ಗುಡಿಸಲು ಹಾಕುವ ಮಾತೂ ಬಂತು. ಆಗ ಅವರು ನೆಟ್ಟಗೆ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತರು. "ನಾಲ್ಕು ತಿಂಗಳು ಕೊಡಿ ಸಾರ್. ಆಮೇಲೆ ನೀವೇ ನಡೆದು ನೋಡಿ. ಸರಿಯಾಗಿಲ್ಲ ಅಂದ್ರೆ ನಾನೇ ಬೇಲಿ ಹಾಕಿ ಬರ್ತೀನಿ" ಅಂದರು.

ಈ ಕೆಲಸ ಅವರಿಗೆ ಬಂದದ್ದು ಅತ್ತೆಯಿಂದ. ಮಂಡಿ ಕೈಕೊಟ್ಟ ಮೇಲೆ ಅತ್ತೆ ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾರೆ, ವಿಚಾರಣೆ ಬಿಟ್ಟಿಲ್ಲ. ಸಂಜೆ ಸೊಸೆ ಚಪ್ಪಲಿ ಕಳಚುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ: "ನೀರು ಎತ್ಲಾಗೆ ತಿರುಗಿಸಿದೆ?" ದಾರಿ ಹಾಳಾಗುವುದು ಜನರ ಕಾಲಿನಿಂದಲ್ಲ, ಅದರ ಮೇಲೆ ಹರಿಯುವ ನೀರಿನಿಂದ ಎಂಬುದು ಆ ಮನೆಯ ಮೊದಲ ಪಾಠ.

ಎರಡನೆಯ ಪಾಠವನ್ನು ದಾರಿಯಕ್ಕ ಏಟು ತಿಂದೇ ಕಲಿತರು. ಕೆಲಸಕ್ಕೆ ಸೇರಿದ ಹೊಸತು. ತೊರೆಯಿಂದ ನೀರು ತರಲು ತಮಗೆಂದೇ ಒಂದು ಒಳದಾರಿ ಸವರಿಕೊಂಡಿದ್ದರು. ಅದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಬೆಟ್ಟ ನೋಡಲು ಬಂದಿದ್ದ ಗಂಡಹೆಂಡತಿ ಇಬ್ಬರು ಅದೇ ನಿಜವಾದ ದಾರಿಯೆಂದು ನಂಬಿ ನಡೆದು, ತೊರೆಯನ್ನೂ ದಾಟಿ, ಕಡಿದಾದ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡರು. "ಜೀವ ಬಾಯಿಗೆ ಬಂದಿತ್ತು ನಂಗೆ. ಸದ್ಯ, ಕೂಗು ಕೇಳಿಸ್ತು. ನಾನು ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಗಿತ್ತು." ಅಂದಿನಿಂದ ಬೇಡದ ಹಾದಿಗೆಲ್ಲ ಬಿದ್ದ ಕೊಂಬೆ ಎಳೆದು, ಒಣ ಎಲೆ ಚೆಲ್ಲಿ, ಅಲ್ಲಿ ಹಾದಿಯೇ ಇರಲಿಲ್ಲವೆನ್ನುವಂತೆ ಮುಚ್ಚಿ ಬರುತ್ತಾರೆ. ಆನೆ ನಡೆದದ್ದೇ ದಾರಿ ಎಂಬ ಗಾದೆ ಈ ಬೆಟ್ಟದಲ್ಲಿ ನಡೆಯುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಸಾಹೇಬರು ಬರುತ್ತಾರೆ. ಹತ್ತುವಾಗ ದಾರಿಯಕ್ಕ ಮುಂದೆ. ಸರೋವರದ ಬಳಿ ಸಾಹೇಬರು ಟೋಪಿ ತೆಗೆದು, ದಡದ ಕಲ್ಲಿನ ಮೇಲೆ ಕೂತು ಗಾಳಿಗೆ ಮುಖ ಒಡ್ಡುತ್ತಾರೆ. "ಇಳಿಯುವಾಗ ನೀವು ಮುಂದೆ ನಡೀರಿ ಸಾರ್" ಅನ್ನುತ್ತಾರೆ ದಾರಿಯಕ್ಕ. "ನಾನು ಬಾಯಿ ಬಿಡಲ್ಲ."

ದಾರಿಯಕ್ಕ ಎಲೆ ಚೆಲ್ಲಿ ಮುಚ್ಚಿದ ಹಳೆಯ ಒಳದಾರಿಯ ಕವಲಿನ ಹತ್ತಿರ ಸಾಹೇಬರು ಗಕ್ಕನೆ ನಿಲ್ಲುತ್ತಾರೆ. ಹಿಂದೆ ದಾರಿಯಕ್ಕ ತುಟಿ ಕಚ್ಚಿಕೊಳ್ಳುತ್ತಾರೆ. ಇಲ್ಲಿ ಎಡಕ್ಕೆ ತಿರುಗಿದರೆ ನಾಲ್ಕು ತಿಂಗಳ ದುಡಿಮೆ ನೀರಿನಲ್ಲಿ ಮಾಡಿದ ಹೋಮ. ಸಾಹೇಬರು ಬಗ್ಗಿ ಬೂಟಿನ ದಾರ ಬಿಗಿದುಕೊಳ್ಳುತ್ತಾರೆ, ಮಂಡಿನೋವಿನ ಬಗ್ಗೆ ಏನೋ ಗೊಣಗುತ್ತಾ ಬಲಕ್ಕೇ ತಿರುಗಿ ನಡೆಯುತ್ತಾರೆ. ಆ ಕವಲು ಇದ್ದದ್ದೂ ಅವರ ಗಮನಕ್ಕೆ ಬಂದಿಲ್ಲ.

ಗೇಟಿನ ಬಳಿ ದಾರಿಯಕ್ಕನ ಗಂಡ ಕೊಟ್ಟ ನೀರು ಕುಡಿದು ಸಾಹೇಬರು ಹೇಳುತ್ತಾರೆ: "ದಾರಿ ಉಳೀಲಿ. ನಾಳೆಯಿಂದ್ಲೇ ಜನರನ್ನ ಬಿಡಿ." ಗಂಡ ತಿರುಗಿ ಹೆಂಡತಿಯ ಮುಖ ನೋಡುತ್ತಾರೆ. ಅಕ್ಕನ ಕಣ್ಣು ತುಂಬಿದೆ. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗುವುದಿಲ್ಲ.

ಹೊರಟ ಸಾಹೇಬರು ಮತ್ತೆ ತಿರುಗುತ್ತಾರೆ. "ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕುಸಿದ ಜಾಗ ಎಲ್ಲಿ ಬಂತು, ಎಲ್ಲಿ ಹೋಯ್ತು, ನಂಗೆ ಗೊತ್ತೇ ಆಗ್ಲಿಲ್ಲ. ದಾರಿ ಮೊದಲಿಂದ್ಲೂ ಹಾಗೇ ಇದ್ದ ಹಾಗಿದೆ. ನಾಲ್ಕು ತಿಂಗಳು ಅಲ್ಲಿ ಏನು ಮಾಡಿದ್ರಿ?"

ಗಂಡನ ಮುಖ ಕೆಂಪಾಗುತ್ತದೆ, ಬಾಯಿ ತೆರೆಯುತ್ತದೆ. ದಾರಿಯಕ್ಕ ಕೈ ಅಡ್ಡ ಹಿಡಿದು ತಡೆಯುತ್ತಾರೆ. ಮುಖ ತುಂಬಾ ನಗು.

"ಮೊದಲಿಂದ್ಲೂ ಹಾಗೇ ಇದ್ದ ಹಾಗೆ ಮಾಡೋಕೇ ಸಾರ್, ನಾಲ್ಕು ತಿಂಗಳು ಬೇಕಾಗಿದ್ದು."