ಎದೆಯ ಬಳಿ ನಿಂತ ಕೈ

ಅರವತ್ತರ ದಶಕದಲ್ಲಿ ಹೊಸನಗರದ ಚಹಾ ಅಂಗಡಿಯಲ್ಲಿ ಎದುರು ಕೂತಿದ್ದ ಆ ಕ್ರೈಸ್ತ ಅಕ್ಕ-ತಮ್ಮ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ತೀರ್ಥಹಳ್ಳಿಯಲ್ಲಿದ್ದ ತಾಯಿಯ ಸಮಾಧಿಗೆ ಹೊರಟಿದ್ದರು. ಅಕ್ಕ ಹಣೆ, ಎದೆ, ಭುಜ ಮುಟ್ಟಿ, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ಶಿಲುಬೆಯ ಗುರುತು ಮಾಡಿಕೊಂಡೇ ಲೋಟ ಎತ್ತಿದಳು.

"ಅಮ್ಮನ ಸಮಾಧಿ ಮುಂದಾದ್ರೂ ಹೀಗೆ ಮಾಡ್ತೀಯೇನೋ?"

ಬೇರೆ ಕ್ರೈಸ್ತ ಪಂಗಡ ಸೇರಿದ್ದ ತಮ್ಮ ತಲೆಯಾಡಿಸಿದ. "ಇಲ್ಲಕ್ಕ. ಪಿತ, ಸುತ, ಪವಿತ್ರಾತ್ಮ ಅಂತ ಮೂವರನ್ನ ಕರೆಯಲ್ಲ ನಾನು. ದೇವರು ಒಬ್ನೇ."

"ಮೂವರು ದೇವರು ಅಂದೋರ್ಯಾರು? ನಮಗೂ ಒಬ್ನೇ. ಅಮ್ಮ ನಿನ್ನ ಕೈ ಹಿಡ್ದು ಕಲಿಸಿದ್ಲು."

ಧರ್ಮದ ವಾದ ಕೇಳಿದರೆ ಎದ್ದು ಹೋಗುವವನು ನಾನು, ಅಂದು ಏಳಲಾಗಲಿಲ್ಲ.

ಅವರೊಂದಿಗೆ ನಾನೂ ಹತ್ತಿದ ತೀರ್ಥಹಳ್ಳಿ ಬಸ್ಸು ಹೊರಟಾಗ ಎಲ್ಲರೂ ತಂತಮ್ಮ ದೇವರಿಗೆ ಕೈಮುಗಿದೆವು. ತಮ್ಮನ ಬಲಗೈ ತಾನಾಗಿ ಹಣೆ ಮುಟ್ಟಿತು, ಎದೆಗಿಳಿಯಿತು, ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಅಕ್ಕ ಕಂಡೂ ಕಾಣದವಳಂತೆ ಥಟ್ಟನೆ ಕಿಟಕಿಯಾಚೆ ನೋಡತೊಡಗಿದಳು.