ಎಲೆ ಮೂಟೆಯ ಮೇಲೆ ಕೂತ ಪತ್ತೇದಾರ

ನಾನು ಕಣ್ಣಾರೆ ನೋಡಿದ ಒಬ್ಬನೇ ಒಬ್ಬ ಖಾಸಗಿ ಪತ್ತೇದಾರನಿಗೆ ಕೋಟೂ ಇರಲಿಲ್ಲ, ಟೋಪಿಯೂ ಇರಲಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್.

ತೊಂಬತ್ತರ ದಶಕದ ಕೊನೆ. ನೀಲಗಿರಿಯ ತೊರಪಳ್ಳಿಯಲ್ಲಿ, ಮೈಸೂರು ರಸ್ತೆಯ ಪಕ್ಕ ನಮ್ಮ ಟೀ ಅಂಗಡಿ. ನನಗೆ ಹತ್ತೊಂಬತ್ತು. ಅಪ್ಪ ಸಾಮಾನಿಗೆ ಗೂಡಲೂರಿಗೆ ಹೋದರೆ ಅಂಗಡಿ ನನ್ನದು. ಪರಿಚಯದ ಕಂಡಕ್ಟರ್ ಒಬ್ಬರು ಮೈಸೂರಿನಿಂದ ಹಳೆಯ ಪತ್ತೇದಾರಿ ಕಾದಂಬರಿಗಳನ್ನು ತಂದುಕೊಡುತ್ತಿದ್ದರು. ಎಲ್ಲದರಲ್ಲೂ ಬೆಂಗಳೂರು, ಎಲ್ಲದರಲ್ಲೂ ಒಂದು ಹೆಣ, ಎಲ್ಲರಿಗಿಂತ ಮೊದಲು ಎಲ್ಲವೂ ಗೊತ್ತಾಗುವ ಒಬ್ಬ ಬುದ್ಧಿವಂತ. ನಾನು ಬೆಂಗಳೂರನ್ನೇ ನೋಡಿರಲಿಲ್ಲ. ಆದರೂ ಮೆಜೆಸ್ಟಿಕ್ಕಿನಲ್ಲಿ ಒಬ್ಬನನ್ನು ಹಿಂಬಾಲಿಸುವುದು ಹೇಗೆ ಅಂತ ಕೇಳಿದ್ದರೆ ಪಾಠ ಮಾಡುತ್ತಿದ್ದೆ.

ಆ ತಿಂಗಳು ಬೆಂಗಳೂರಿನವರು ಅಕ್ಕನನ್ನು ನೋಡಿ ಹೋಗಿದ್ದರು. ಒಪ್ಪಿಗೆಯ ಮಾತು ಇನ್ನೂ ಬಂದಿರಲಿಲ್ಲ. ಅಕ್ಕನಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್ ಇತ್ತು. ಮಾತ್ರೆಯ ಮೇಲಿದ್ದಳು, ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಆದರೂ ಆ ಪದವನ್ನು ಮನೆಯಲ್ಲಿ ಆಡುವಂತಿರಲಿಲ್ಲ. "ಯಾರ್ ಕೇಳುದ್ರೂ ಇಲ್ಲ ಅನ್ನು," ಅಂತ ಅವ್ವ ನನಗೆ ಚಿಕ್ಕಂದಿನಿಂದ ಅರೆದು ಕುಡಿಸಿದ್ದಳು. ಯಾರೋ ಬಾಯಿಬಿಟ್ಟು ಎರಡು ಸಂಬಂಧ ಮುರಿದಿದ್ದವು. ಅಕ್ಕನಿಗೆ ಇಪ್ಪತ್ತೇಳಾಗಿತ್ತು. ಇದೂ ಹೋದರೆ ಮುಂದೆ ಯಾರೂ ಬರುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು.

ಆ ಮನುಷ್ಯ ಹನ್ನೊಂದು ಗಂಟೆಯ ಹೊತ್ತಿಗೆ ಬಂದ. ಟೀ ಹೇಳಿ, ತಾನು ಫ್ಯಾಕ್ಟರಿಗೆ ಟೀ ಎಲೆ ಕೊಳ್ಳುವ ಏಜೆಂಟ್ ಎಂದ. ಅಂಗಡಿಯ ಪಕ್ಕ ಬೆಳೆಗಾರರು ತಂದಿಟ್ಟ ಎಲೆ ಮೂಟೆಗಳು ಲಾರಿಗೆ ಕಾಯುತ್ತಿದ್ದವು. ಎಲೆ ಏಜೆಂಟರನ್ನು ನಾನು ಹುಟ್ಟಿದಾಗಿನಿಂದ ನೋಡಿದವಳು. ಅವರು ಟೀ ಕೇಳುವ ಮೊದಲೇ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾರೆ. ಒಳಗೆ ಬಿಸಿಯಾಗಿದೆಯಾ ನೋಡುತ್ತಾರೆ. ಒಂದು ಕಡ್ಡಿ ಮುರಿದು, ಬಲಿತುಹೋಗಿದೆ ಅಂತ ಬಯ್ಯುತ್ತಾರೆ.

ಈತ ಮೂಟೆಯ ಮೇಲೆ ಕೂತ!

ಅಮುಕಿದರೆ ಎಲೆ ಕೆಂಪಾಗುತ್ತದೆ, ಫ್ಯಾಕ್ಟರಿಯವರು ವಾಪಸ್ ಕಳಿಸುತ್ತಾರೆ. ನಮ್ಮೂರಿನ ನಾಯಿ ಕೂಡ ಅದರ ಮೇಲೆ ಮಲಗುವುದಿಲ್ಲ.

"ಆ ಹೆಂಚಿನ ಮನೆ ಯಾರದಮ್ಮಾ?" ಎಂದ, ನಮ್ಮ ಮನೆಯನ್ನೇ ತೋರಿಸಿ.

ಗಂಡಿನ ಕಡೆಯವರು ಕಳಿಸಿದ ಪತ್ತೇದಾರ! ಅದು ನಮ್ಮ ಮನೆ ಅಂತ ನಾನು ಹೇಳಲಿಲ್ಲ.

"ಒಳ್ಳೆ ಜನ ಸಾರ್. ದೊಡ್ ಮಗಳಂತೂ ಬಂಗಾರ."

"ಆ ಹುಡುಗಿ ಆರೋಗ್ಯ ಹೇಗೆ? ಫಿಟ್ಸು ಗಿಟ್ಸು ಅಂತ ಏನಾದ್ರೂ?"

"ಅಯ್ಯೋ, ಯಾರ್ ಸಾರ್ ಹೇಳಿದ್ದು? ಒಂದ್ ನೆಗಡೀನೂ ಬಂದಿಲ್ಲ ಅವ್ಳಿಗೆ. ಹೊಟ್ಟೆಕಿಚ್ಚಿನೋರು ಹಬ್ಬಿಸಿರ್ತಾರೆ."

ಆತ ಕವರಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡ. ಟೀ ಮುಗಿಸಿ ಕಾಡಿನ ಚೆಕ್‌ಪೋಸ್ಟಿನ ಕಡೆ, ಬಸ್ಸಿಗೆಂದು ನಡೆದ.

ನಾನು ಗೆದ್ದಿದ್ದೆ. ಅಕ್ಕ ಊಟ ತಂದಾಗ ಕುಣಿದುಕೊಂಡು ಎಲ್ಲ ಹೇಳಿದೆ. ಅವಳು ಊಟದ ಡಬ್ಬಿ ಕೆಳಗಿಟ್ಟಳು.

"ಫಿಟ್ಸ್ ಇಲ್ಲ ಅಂದ್ಯಾ?"

"ಮತ್ತೇನನ್ಲಿ?"

"ಥೂ ಕತ್ತೆ! ಅವ್ರು ನೋಡಕ್ ಬಂದ ದಿನಾನೇ ನಾನು ಅಪ್ಪನ್ ಕೈಲಿ ಹೇಳ್ಸಿವ್ನಿ. ಡಾಕ್ಟ್ರು ಚೀಟಿನೂ ತೋರ್ಸಿವ್ನಿ. ಮುಚ್ಚಿಟ್ಟು ಮದ್ವೆ ಬ್ಯಾಡ ಅಂತ."

ಆ ದಿನ ನನ್ನನ್ನು ಅಡುಗೆಮನೆಗೆ ಅಟ್ಟಿದ್ದರು. ದೊಡ್ಡವರು ಏನು ಮಾತಾಡಿದರೆಂದು ನನಗೆ ಯಾರೂ ಹೇಳಿರಲಿಲ್ಲ.

"ನಾನ್ ನಿನ್ ತಂಗಿ ಅಂತ ಅವ್ನಿಗೆ ಗೊತ್ತಿಲ್ಲ ಬುಡು."

"ಪಕ್ಕದಂಗ್ಡೀಲಿ ಕೇಳುದ್ರೆ ಗೊತ್ತಾಗಲ್ವಾ? ನಾವ್ ಹೇಳಿದ್ದು ನಿಜಾನಾ ಅಂತ ನೋಡಕ್ಕೇ ಅವ್ನನ್ನ ಕಳ್ಸಿರೋದು. ಅಪ್ಪ ಇದೆ ಅಂತಾನೆ, ತಂಗಿ ಇಲ್ಲ ಅಂತಾಳೆ. ಇನ್ನೇನೇನ್ ಸುಳ್ಳೋ ಅನ್ಕೊಳಲ್ವಾ? ಓಡು!"

ಓಡಿದೆ. ಚೆಕ್‌ಪೋಸ್ಟಿನ ಆಚೆ ರಸ್ತೆಯಲ್ಲಿ ಆನೆ ನಿಂತಿತ್ತು, ಹಾಗಾಗಿ ಗಾಡಿಗಳನ್ನು ತಡೆದಿದ್ದರು. ಆತ ಮೈಸೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ. ಆನೆ ಆಗಷ್ಟೇ ಸರಿದಿತ್ತು, ಡ್ರೈವರ್ ಎಂಜಿನ್ ಶುರು ಮಾಡುವುದರಲ್ಲಿದ್ದ.

"ಸಾರ್! ನಾನು ಅವ್ಳ ತಂಗಿ. ಸುಳ್ಳೇಳ್ಬುಟ್ಟೆ. ಅವ್ಳಿಗೆ ಫಿಟ್ಸ್ ಇತ್ತು. ನಾಕ್ ವರ್ಷದಿಂದ ಬಂದಿಲ್ಲ."

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಇಷ್ಟು ವರ್ಷ ಅವ್ವ ಬಚ್ಚಿಟ್ಟ ಮಾತನ್ನು ನಾನು ಅರ್ಧ ಊರಿಗೆ ಕೇಳುವಂತೆ ಕೂಗಿದ್ದೆ.

"ನೀನು ಆ ಮನೆ ಹುಡುಗಿ ಅಂತ ಪಕ್ಕದ ಅಂಗಡೀಲೇ ಹೇಳಿದ್ರು," ಎಂದ ಆತ, ತಣ್ಣಗೆ.

"ಮೊದಲ್ ಹೇಳಿದ್ದನ್ನ ಹೊಡೆದಾಕ್ಬುಡಿ ಸಾರ್."

"ಹಾಗೆಲ್ಲ ಆಗಲ್ಲಮ್ಮ. ಕೇಳಿದ್ದನ್ನ ಬರೆಯೋದು ನನ್ನ ಕೆಲಸ. ಇದನ್ನೂ ಬರೀತೀನಿ. ಮುಂದಿನದು ಅವರಿಗೆ ಬಿಟ್ಟಿದ್ದು." ಬಸ್ಸು ಅಲುಗಾಡಿತು. "ಅದಿರ್ಲಿ, ನಾನು ಏಜೆಂಟ್ ಅಲ್ಲ ಅಂತ ಹೆಂಗೆ ಗೊತ್ತಾಯ್ತು?"

"ಎಲೆ ಮೂಟೆ ಮೇಲೆ ಯಾರಾದ್ರೂ ಕುಂತ್ಕೊತಾರಾ ಸಾರ್?"

ಆತ ನಗಲಿಲ್ಲ. ಅದನ್ನೂ ಬರೆದುಕೊಂಡ ಅಂತ ಕಾಣುತ್ತದೆ.

ಆಮೇಲಿನ ಹನ್ನೊಂದು ದಿನವನ್ನು ಶತ್ರುವಿಗೂ ಬಯಸಲಾರೆ. ಊರಿಗೆಲ್ಲ ಗೊತ್ತಾಯಿತು ಅಂತ ಅವ್ವ ನನಗೆ ಬಡಿಸುವುದನ್ನೇ ನಿಲ್ಲಿಸಿದಳು. ಅಕ್ಕ ಬಡಿಸುತ್ತಿದ್ದಳು, ಆದರೆ ಒಂದು ಮಾತಿಲ್ಲ. ಫೋನು ಬಂದಿದೆ ಅಂತ ಹನ್ನೆರಡನೇ ದಿನ ಎಸ್‌ಟಿಡಿ ಬೂತಿನವರು ಕೂಗಿದಾಗ ಮೂವರೂ ಅಪ್ಪನ ಹಿಂದೆ ಓಡಿದೆವು. ಅಪ್ಪ ಎರಡು ಸಲ ಹೂಂ ಎಂದು ರಿಸೀವರನ್ನು ನನ್ನ ಕಡೆ ಚಾಚಿದ.

"ನಿನ್ನನ್ನೇ ಕೇಳ್ತಾವ್ರೆ. ಗಂಡಿನ್ ಅಪ್ಪ."

ರಿಸೀವರನ್ನು ಕಿವಿಗಿಟ್ಟುಕೊಂಡೆ.

"ಸುಳ್ಳು ಹೇಳಿದ ಹುಡುಗಿ ನೀನೇನಾ?"

"ಹೂಂ."

"ಹಾಗೆ ಹೇಳು ಅಂತ ನಿಮ್ಮಕ್ಕ ಹೇಳ್ಕೊಟ್ಟಿದ್ಲಾ?"

"ಇಲ್ಲ. ಅವ್ಳಿಗೆ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ನಿಜ ಹೇಳು ಅಂತ ಬೈದು ಓಡ್ಸುದ್ದೇ ಅವ್ಳು."

ಆ ಕಡೆ ಅವರು ಪಕ್ಕದವರಿಗೆ ಏನೋ ಹೇಳಿದರು. ಹಿಂದೆ ಯಾರೋ ಕೆಮ್ಮಿದರು.

"ಅಪ್ಪಂಗೆ ಕೊಡು."

ಕೊಟ್ಟೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಅಪ್ಪನ ಬಾಯಿಯ ಮೇಲಿತ್ತು. ಅಪ್ಪ ಕೇಳಿಸಿಕೊಂಡ, ಮತ್ತೂ ಕೇಳಿಸಿಕೊಂಡ. ಕೊನೆಗೆ, "ಆಗ್ಲಿ ಯಜಮಾನ್ರೇ, ಆಗ್ಲಿ. ನಿಶ್ಚಿತಾರ್ಥ ನಮ್ಮಲ್ಲೇ ಇಟ್ಕೊಳಣ," ಎಂದ. ಅಕ್ಕ ಬೂತಿನ ಗಾಜಿಗೆ ಒರಗಿಕೊಂಡು, ನನ್ನ ಜಡೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ ಎಳೆದಳು.